ಕಣ್ಣು ಕೂರಿಸುವ ಸತ್ಯವಂತ

ಯಾರನ್ನೇ ಆಗಲಿ, ಎರಡೂ ಮಗ್ಗುಲಿನಿಂದ ನೋಡದ ಹೊರತು ಸತ್ಯವಂತರು ಮಾತಿಗೆ ಇಳಿಯುವವರಲ್ಲ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಆ ತಗಡಿನ ಶೆಡ್ಡಿಗೆ ಹೊಸಬರು ಕಾಲಿಟ್ಟರೆ ಮೊದಲು ಅವರ ಎಡಗೆನ್ನೆಯನ್ನು ಒಮ್ಮೆ ದಿಟ್ಟಿಸಿ, ಆಮೇಲೆ ಯಾವುದೋ ಡಬ್ಬಿ ಹುಡುಕುವ ನೆವದಲ್ಲಿ ಹಿಂದಿನಿಂದ ಸುತ್ತು ಹಾಕಿ ಬಲಗಡೆಗೆ ಬಂದು ನಿಂತು, ಆಗ ಮಾತ್ರ "ಹಂಗಲ್ರೀ, ಕುಂದರ್ರಿ" ಎನ್ನುತ್ತಾರೆ. ಬಂದವರು ಇನ್ನೂ ಬಾಯಿಯನ್ನೇ ತೆರೆದಿರುವುದಿಲ್ಲ, ಯಾವುದು ಹಂಗಲ್ಲ ಎಂದು ತಿಳಿಯದೆ ತಬ್ಬಿಬ್ಬಾಗುತ್ತಾರೆ. ಆ ಒಂದು ಶಬ್ದ ಸತ್ಯವಂತರ ಮಾತಿನ ಹೊಸ್ತಿಲು. ದಾಟದೆ ಒಳಗೆ ಹೋಗಲು ಅವರಿಗೇ ಬರುವುದಿಲ್ಲ. ಇಲ್ಲ ಎನ್ನುವುದಕ್ಕೂ ಹಂಗಲ್ರೀ, ಹೌದು ಎನ್ನುವುದಕ್ಕೂ ಹಂಗಲ್ರೀ. ಧಾರವಾಡದ ಕ್ರೈಸ್ತ ದೇವಾಲಯದಲ್ಲಿ ಅವರ ಮದುವೆಯಾದ ದಿನ, ಈ ಹೆಣ್ಣನ್ನು ಹೆಂಡತಿಯಾಗಿ ಸ್ವೀಕರಿಸುತ್ತೀಯಾ ಎಂದು ಅಯ್ಯನವರು ಕೇಳಿದ್ದಕ್ಕೆ "ಹಂಗಲ್ರೀ, ಹೌದು" ಎಂದರಂತೆ. ಸಭೆಯೆಲ್ಲ ನಕ್ಕಿತು. ಹೆಂಡತಿ ಮರ್ಸಿ ಮಾತ್ರ ಇವತ್ತಿನವರೆಗೂ ಆ ಹೌದಿನ ಬಗ್ಗೆ ಖಾತ್ರಿಯಿಲ್ಲವೆಂದು ಬಂದವರ ಮುಂದೆಲ್ಲ ಹೇಳಿ ಅವರನ್ನು ಕಾಡಿಸುತ್ತಾರೆ.

ಒಂದು ಮಗ್ಗುಲು ಇನ್ನೊಂದರ ಹಾಗೆ ಇರುವುದಿಲ್ಲವೆಂಬ ಪಾಠವನ್ನು ಅವರಿಗೆ ಕಲಿಸಿದ್ದು ಮೀನು. ಸತ್ಯವಂತರ ಕಸುಬು ಮೀನು ಮಾಡುವುದು. ಹಿಡಿಯುವುದಲ್ಲ, ಮಾರುವುದಲ್ಲ, ಮಾಡುವುದು. ಗಾಳ ಹಾಕುವ ಹವ್ಯಾಸದವರಲ್ಲಿ ಒಂದು ಪಂಥವಿದೆ. ದೊಡ್ಡ ಮೀನು ಸಿಕ್ಕರೆ ಇವರು ಅದರ ಉದ್ದ ಅಳೆದು, ಸುತ್ತಳತೆ ಅಳೆದು, ಫೋಟೋ ತೆಗೆದು, ಮತ್ತೆ ನೀರಿಗೇ ಬಿಟ್ಟು ಬರುತ್ತಾರೆ. ಬಿಟ್ಟು ಬಂದ ಮೇಲೆ ಮನೆಯಲ್ಲಿ ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಕಂಡದ್ದನ್ನು ಇನ್ನೊಮ್ಮೆ ಕಾಣಬೇಕೆಂಬ ಆಸೆ. ಅಂಥವರು ಅಳತೆ ಬರೆದ ಚೀಟಿ ಮತ್ತು ಫೋಟೋ ಹಿಡಿದುಕೊಂಡು ಸತ್ಯವಂತರ ಬಳಿಗೆ ಬರುತ್ತಾರೆ. ಅವರು ಫೈಬರಿನಲ್ಲಿ ಅದೇ ಅಳತೆಯ, ಅದೇ ಬಣ್ಣದ, ಅದೇ ಹರಿದ ರೆಕ್ಕೆಯ ಮೀನನ್ನು ಮಾಡಿ ಹಲಗೆಗೆ ಕೂರಿಸಿ ಕೊಡುತ್ತಾರೆ. ಮೀನು ಹೊಳೆಯಲ್ಲಿ, ಅದರ ರೂಪ ಗೋಡೆಯ ಮೇಲೆ. ಇದನ್ನು ಹುಚ್ಚು ಅನ್ನುವವರು ಅನ್ನಲಿ. ಕೊಂದು, ಹೊಟ್ಟೆ ಬಗೆದು, ಹುಲ್ಲು ತುಂಬಿ ಗೋಡೆಗೆ ಜಡಿಯುವ ದೊಡ್ಡಸ್ತಿಕೆಗಿಂತ ಈ ಹುಚ್ಚು ಸಾವಿರ ಪಾಲು ವಾಸಿ. ಒಪ್ಪದವರ ಜೊತೆ ವಾದಕ್ಕೆ ಕೂರುವ ತಾಳ್ಮೆ ಈ ಬರೆಯುವವನಿಗಿಲ್ಲ.

ಮೊದಲಿಗೆ ಸತ್ಯವಂತರು ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಹದಿನೆಂಟು ವರ್ಷ ಕಾರುಗಳಿಗೆ ಬಣ್ಣ ಹೊಡೆದವರು. ನಜ್ಜುಗುಜ್ಜಾದ ಬಾಗಿಲನ್ನು ಬಡಿದು ನೇರ ಮಾಡಿದ ಮೇಲೆ, ಬಿಸಿಲು ತಿಂದು ಸೊರಗಿದ ಹಳೆಯ ಬಣ್ಣಕ್ಕೆ ಹೊಸ ಬಣ್ಣ ಎಲ್ಲಿ ಕೂಡಿತೆಂದು ಮಾಲೀಕನಿಗೇ ಗೊತ್ತಾಗದಂತೆ ಕೂಡಿಸುವುದು ಅವರ ವಿದ್ಯೆ. ಬೇಲೂರಿನಲ್ಲಿ ನೀರಿನ ಟ್ಯಾಂಕು, ಬಸ್ಸಿನ ಸೀಟು ಮುಂತಾಗಿ ಫೈಬರ್ ಸಾಮಾನು ಮಾಡುವ ಪಂಢರಿನಾಥರಿಗೆ ಹನ್ನೊಂದು ವರ್ಷದ ಹಿಂದೆ ಅಮೆರಿಕದ ಕಡೆಯಿಂದ ವಿಚಿತ್ರವಾದ ಆರ್ಡರ್ ಬಂತು. ಅಲ್ಲಿಯ ಗಾಳದವರು ಬಾಸ್ ಎಂಬ ಮೀನನ್ನು ಹಿಡಿದು ಬಿಡುತ್ತಾರೆ, ಅವರಿಗೆ ಅದರ ಪ್ರತಿರೂಪ ಬೇಕು. ಅಚ್ಚು ಪಂಢರಿನಾಥರಿಗೆ ಗೊತ್ತು, ಬಣ್ಣ ಗೊತ್ತಿಲ್ಲ. ಸತ್ಯವಂತರನ್ನು ಕರೆಸಿದರು. ಏನು ಮಾಡಾಕತ್ತೀರಿ ಎಂದು ಯಾರಾದರೂ ಕೇಳಿದರೆ "ಬಾಸ್‌ನ ಮಾಡಾಕತ್ತೇನ್ರಿ, ಅಲ್ಲೆ ಕುಂತಾರಲ್ಲ, ಅವರಂಥಾವಲ್ಲ, ಬಾಯಿ ಸಣ್ಣದು" ಎಂದು ಪಂಢರಿನಾಥರ ಕಡೆಗೆ ಬ್ರಷ್ಷು ತೋರಿಸುತ್ತಿದ್ದರು. ಪಂಢರಿನಾಥರು ನಗುತ್ತಿದ್ದರು, ಇಂಥ ಕೈ ಇನ್ನೊಂದು ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಕಣ್ಣಾರೆ ಒಂದೂ ಬಾಸ್ ಮೀನನ್ನು ಕಾಣದೆ ಸತ್ಯವಂತರು ಸಾವಿರಕ್ಕೂ ಮಿಕ್ಕಿ ಬಾಸ್ ಮೀನುಗಳಿಗೆ ಬಣ್ಣ ಹಚ್ಚಿದರು. ನಾಲ್ಕು ವರ್ಷದ ಮೇಲೆ ಆ ಆರ್ಡರ್ ನಿಂತಿತು. ಅಷ್ಟರಲ್ಲಿ ಸುದ್ದಿ ಹಬ್ಬಿ, ನಮ್ಮ ಕಡೆಯ ಗಾಳದವರೇ ಮಹಶೀರ್ ಮೀನಿನ ಫೋಟೋ ಹಿಡಿದು ಶೆಡ್ಡಿನ ಬಾಗಿಲಿಗೆ ಬರತೊಡಗಿದ್ದರು.

ರಸ್ತೆಯಲ್ಲಿ ದೂರದಿಂದಲೇ ಸತ್ಯವಂತರನ್ನು ಗುರುತಿಸಬಹುದು. ಎರಡೂ ಕೈಗಳನ್ನು ಮೈಗೆ ತಾಗಿಸದೆ, ಗೇಣು ಅಂತರದಲ್ಲಿ ಹಿಡಿದುಕೊಂಡು ನಡೆಯುತ್ತಾರೆ. ಜೀವಮಾನವೆಲ್ಲ ಹಸಿಬಣ್ಣದ ಸಾಮಾನು ಎತ್ತಿಕೊಂಡು ಓಡಾಡಿದ್ದರಿಂದ ಬಂದ ನಡಿಗೆ ಅದು. ಬಸ್ಸಿನ ಸೀಟಿನಲ್ಲಿ ಅವರ ಪಕ್ಕಕ್ಕೆ ಕೂತವರು ಕಿಟಕಿಗೆ ಒತ್ತಿಕೊಳ್ಳಬೇಕು. ಮೇಲೆ ಒಂದು ನೀಲಿ ಕೋಟು. ಅದರ ಎಡತೋಳಿಗೆ ಬ್ರಷ್ಷು ಒರೆಸಿ ಒರೆಸಿ ಆ ತೋಳೊಂದು ಹಲಗೆಯಂತೆ ಬಿರುಸಾಗಿ, ಬಣ್ಣದ ಮೇಲೆ ಬಣ್ಣ ಕೂತು, ಹನ್ನೊಂದು ವರ್ಷದ ಎಲ್ಲ ಮೀನುಗಳೂ ಅಲ್ಲಿ ತಮ್ಮ ಒಂದೊಂದು ಹನಿಯನ್ನು ಬಿಟ್ಟು ಹೋಗಿವೆ. ಆ ಕೋಟು ತೊಳೆಯಲು ಮರ್ಸಿಗೆ ಅನುಮತಿಯಿಲ್ಲ. ಸಿಟ್ಟೂ ಉಂಟು, ಕಡಿಮೆಯದಲ್ಲ. ಬಣ್ಣ ಒಣಗಿದೆಯೇ ಎಂದು ಬೆರಳು ಹಚ್ಚಿ ನೋಡುವ ಜಾತಿಯವರನ್ನು ಕಂಡರೆ ಅವರ ಕಿವಿ ಕೆಂಪೇರುತ್ತದೆ. ಬೈಯುವುದಿಲ್ಲ, ಕೈಯಲ್ಲಿದ್ದ ಬಣ್ಣ ಕಲಕುವ ಕಡ್ಡಿಯನ್ನು ಮುರಿದು ಮೂಲೆಗೆ ಎಸೆಯುತ್ತಾರೆ. ಆ ಮೂಲೆಯಲ್ಲಿನ ಕಡ್ಡಿಗಳನ್ನು ನೋಡಿದರೆ ವಾರದಲ್ಲಿ ಎಷ್ಟು ಜನ ಬಂದಿದ್ದರೆಂದು ತಿಳಿಯುತ್ತದೆ.

ಇದೆಲ್ಲದರ ನಡುವೆ ಅವರದೊಂದು ನೇಮ. ಬಿಟ್ಟ ಮೀನನ್ನು ಮಾತ್ರ ಮಾಡುವುದು, ಕೊಂದದ್ದನ್ನಲ್ಲ. ಅಚ್ಚಿನಿಂದ ಮೀನು ಎರಡು ಹೋಳಾಗಿ ಹೊರಬರುತ್ತದೆ, ಎಡಮೈ ಬಲಮೈ ಬೇರೆ ಬೇರೆಯಾಗಿ. ಅವೆರಡನ್ನೂ ಬೆಸೆಯುವ ಮೊದಲು ಒಳಗಡೆ, ಇನ್ನೆಂದಿಗೂ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಕೆಂಪು ಬಣ್ಣದಿಂದ "ಬಿಟ್ಟದ್ದು" ಎಂದು ಬರೆದು ಹೊಳೆಯ ಹೆಸರು, ತಾರೀಖು ಹಾಕುತ್ತಾರೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರ ಅಕ್ಷರ, ಗುಂಡಗೆ, ದೊಡ್ಡದಾಗಿ ಇರುತ್ತದೆ. ಯಾರಿಗಾಗಿ ಬರೆಯುತ್ತಾರೆಂದು ಕೇಳಿದರೆ ಹಂಗಲ್ರೀ ಎಂದು ಶುರು ಮಾಡಿ ಹೋಳುಗಳ ಅಂಚಿಗೆ ಅಂಟು ಸವರತೊಡಗುತ್ತಾರೆ.

ಕೊನೆಯ ಕೆಲಸ ಕಣ್ಣು. ಗಾಜಿನ ಕಣ್ಣನ್ನು ಗುಳಿಯಲ್ಲಿ ಯಾವ ಓರೆಯಲ್ಲಿ ಕೂರಿಸುತ್ತಾರೆಂಬುದರಲ್ಲೇ ಇದೆ ಜೀವ. ಈ ಗುಟ್ಟನ್ನು ಅವರು ಕಲಿತದ್ದು ಹುಬ್ಬಳ್ಳಿ ಮೀನು ಮಾರ್ಕೆಟ್ಟಿನ ಅಬೀದಾ ಅವರಿಂದ. ಶುರುವಿನ ದಿನಗಳಲ್ಲಿ ಕೊಳ್ಳದೆ ಬರೀ ನೋಡುತ್ತ ನಿಲ್ಲುವ ಈ ಗಿರಾಕಿಯನ್ನು ವಾರಗಟ್ಟಲೆ ಸಹಿಸಿದ ಅಬೀದಾ, ಕಡೆಗೊಂದು ದಿನ ಬುಟ್ಟಿಯೊಳಗಿನ ಜೀವಂತ ಮೀನನ್ನೂ ಹಲಗೆಯ ಮೇಲಿನ ಸತ್ತ ಮೀನನ್ನೂ ಅಕ್ಕಪಕ್ಕ ಮಲಗಿಸಿ ತೋರಿಸಿದರು. ಜೀವ ಇರುವ ಮೀನನ್ನು ಮಗ್ಗುಲಾಗಿ ಮಲಗಿಸಿದರೆ ಅದರ ಕಣ್ಣು ಹೊಟ್ಟೆಯ ಕಡೆಗೆ ಹೊರಳುತ್ತದೆ, ನೀರು ಎಲ್ಲಿ ಹೋಯಿತೆಂದು ಹುಡುಕುವ ಹಾಗೆ. ಸತ್ತದ್ದರ ಕಣ್ಣು ಅಂಗಿಗೆ ಗುಂಡಿ ಹೊಲಿದಂತೆ ನಟ್ಟ ನಡುವೆ ನಿಂತುಬಿಡುತ್ತದೆ. ಕಿವಿರಿನ ಕೆಂಪು ಮೋಸ ಮಾಡೀತು, ಕಣ್ಣು ಮಾಡುವುದಿಲ್ಲ ಎಂದು ಅಬೀದಾ ಹೇಳಿದ್ದನ್ನು ಸತ್ಯವಂತರು ವೇದವಾಕ್ಯದಂತೆ ಹಿಡಿದುಕೊಂಡರು. ಅವತ್ತು ಮರ್ಯಾದೆಗೆಂದು ಒಂದು ಕಿಲೋ ಕೊಂಡರು ಕೂಡ.

ಈ ಕಣ್ಣೇ ಕಳೆದ ವರ್ಷ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿತು.

ದೀಪಾವಳಿ ಮುಗಿದ ವಾರ ಅರ್ಜುನಪ್ಪ ಮಾಸ್ತರರು ಶೆಡ್ಡಿಗೆ ಬಂದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿ ನವನಗರದಲ್ಲಿ ಮನೆ ಮಾಡಿಕೊಂಡವರು. ಜೇಬಿನಲ್ಲಿ ಇಂದಿಗೂ ಕೆಂಪು ಪೆನ್ನು. ನೆರೆಯವರ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಅವರ ಕೈಯಿಂದ ದಾಟಿ ಹೋಗಬೇಕು. ಗಾಳ ಅವರ ಇನ್ನೊಂದು ವ್ಯಸನ. ಬೌದ್ಧರ ಮನೆತನ, ಹಿಡಿಯುವುದಾದರೆ ಹಿಡಿಯಿರಿ, ಜೀವ ತೆಗೆದು ಮನೆಗೆ ಬರಬೇಡಿ ಎಂದು ಹೆಂಡತಿ ಶೇವಂತೆವ್ವ ಮೂವತ್ತು ವರ್ಷದ ಹಿಂದೆಯೇ ಕರಾರು ಹಾಕಿದ್ದರು. ಹಾಗಾಗಿ ಈ ಕಡೆಯ ಗಾಳದವರಲ್ಲಿ ಹಿಡಿದು ಬಿಡುವ ಪದ್ಧತಿ ತಂದವರೇ ಮಾಸ್ತರರು. ಬಳಗ ಕಟ್ಟಿದವರು ಅವರು, ಬಿಟ್ಟ ಮೀನಿಗೆ ಮಾತ್ರ ಬಳಗದ ಗೋಡೆಯ ಮೇಲೆ ಜಾಗ ಎಂಬ ನಿಯಮವನ್ನು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದವರೂ ಅವರೇ. ಈಗ ಅವರಿಗೇ, ಪರವಾನಗಿ ತೆಗೆಸಿ ಹೋಗಿದ್ದ ಘಟ್ಟದ ಹೊಳೆಯಲ್ಲಿ, ಮೂವತ್ತೆಂಟು ಇಂಚಿನ ಮಹಶೀರ್ ಸಿಕ್ಕಿತ್ತು. ಬಳಗದಲ್ಲಿ ಯಾರಿಗೂ ಅಷ್ಟು ದೊಡ್ಡದು ಸಿಕ್ಕಿದ್ದಿಲ್ಲ. ಸಂಕ್ರಾಂತಿಯ ನಂತರದ ಭಾನುವಾರ ವಾರ್ಷಿಕ ಸಭೆ, ಅಲ್ಲಿ ಮೀನಿನ ಅನಾವರಣ, ಮಾಸ್ತರರಿಗೆ ಸನ್ಮಾನ.

ಎಲ್ಲರನ್ನೂ ಕೇಳುವ ಹಾಗೆ ಸತ್ಯವಂತರು ಅವರನ್ನೂ ಕೇಳಿದರು, "ಬಿಟ್ರಿ?"

ಮಾಸ್ತರರು ಮೇಜಿನ ಮೇಲಿನ ಅಳತೆಪಟ್ಟಿಯನ್ನು ಸುತ್ತುತ್ತ, "ಹೋತು, ಸತ್ಯವಂತಪ್ಪ. ಹೋತು" ಎಂದರು.

ಸತ್ಯವಂತರು ತಲೆದೂಗಿದರು. ಅಚ್ಚು ತೆಗೆದರು, ಒಳಗೆ "ಬಿಟ್ಟದ್ದು" ಎಂದು ಬರೆದು ಹೋಳುಗಳನ್ನು ಬೆಸೆದರು, ಎಡಮಗ್ಗುಲಿನ ಹೊಂಬಣ್ಣವನ್ನು ಹುರುಪೆ ಹುರುಪೆಗೂ ಬೇರೆ ಮಾಡಿ ಹೊಡೆದರು. ಮಾಸ್ತರರು ಕೊಟ್ಟಿದ್ದ ಫೋಟೋದಲ್ಲಿ ಆ ಮಗ್ಗುಲು ಚೆನ್ನಾಗಿ ಬಂದಿತ್ತು, ಮುಖದ ಮೇಲೆ ಮಾತ್ರ ಬಿಸಿಲು ಹೊಳೆದು ಕಣ್ಣು ಕಾಣುತ್ತಿರಲಿಲ್ಲ. ಬಲಮಗ್ಗುಲಿನ ಫೋಟೋ ಕೇಳಿದರೆ ಇಲ್ಲ ಎಂದರು. ಇನ್ನೊಮ್ಮೆ ಕೇಳಿದರೆ, ಎರಡೂ ಒಂದೇ ಥರ ಮಾಡು ಎಂದರು. ಇಂಥ ಮಾತು ಸತ್ಯವಂತರ ಮುಂದೆ ಆಡುವುದೇ? ಒಂದು ಕಡ್ಡಿ ಮೂಲೆಗೆ ಹೋಯಿತು. ಅವತ್ತು ಹರಿಗೋಲು ಹಾಕಿದವನು ಮುಕ್ತಾರ ಎಂದು ಮಾಸ್ತರರೇ ಹೇಳಿದ್ದರು. ಅವನ ನಂಬರು ಹುಡುಕಿ ಕೇಳಿದರು. ಪಾಪ, ಅವನು ಒಂದು ಗಳಿಗೆಯಲ್ಲಿ ಕಳಿಸಿದ. ಹಸಿ ಕಲ್ಲುಗಳ ಮೇಲೆ ಮೀನು ಮಗ್ಗುಲಾಗಿ ಮಲಗಿತ್ತು. ಕಣ್ಣು ನಟ್ಟ ನಡುವೆ.

ಮುಕ್ತಾರನನ್ನು ಕೆದಕಿ ಕೇಳುವುದು ಸತ್ಯವಂತರಿಗೆ ಸರಿ ಕಾಣಲಿಲ್ಲ. ಹಿರಿಯರ ಬೆನ್ನ ಹಿಂದೆ ಅಂಬಿಗನ ಬಾಯಿ ಬಿಡಿಸುವುದು ಗಂಡಸುತನವಲ್ಲ. ಮರುದಿನ ಬೆಳಿಗ್ಗೆ ಕೋಟು ತೊಟ್ಟು ಗಾಡಿ ಹತ್ತಿ ನವನಗರದ ದಾರಿ ಹಿಡಿದರು. ಹನ್ನೊಂದು ವರ್ಷದ ನೇಮವನ್ನು ಒಬ್ಬ ಮಾಸ್ತರ, ಅದೂ ಆ ನೇಮವನ್ನು ಊರಿಗೆ ಕಲಿಸಿದ ಮಾಸ್ತರ, ನನ್ನ ಕೈಯಿಂದಲೇ ಮುರಿಸಿದರಲ್ಲ ಎಂಬ ಸಿಟ್ಟಿಗೆ ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೇ ಹೋದರು. ಅಲ್ಲಿ ಹೋಗಿ ನೋಡಿದರೆ ಮಾಸ್ತರರು ಪಡಸಾಲೆಯಲ್ಲಿ ಯಾರದೋ ಲಗ್ನಪತ್ರಿಕೆಯ ಮೇಲೆ ಬಗ್ಗಿದ್ದರು. ಎರಡು ತಿಂಗಳಲ್ಲಿ ಹತ್ತು ವರ್ಷ ಮುಪ್ಪಾದವರಂತೆ ಕಂಡರು. ಹೊಂದಿಸಿಕೊಂಡ ಮಾತೆಲ್ಲ ಎಲ್ಲಿಯೋ ಸೋರಿ ಹೋಯಿತು. ಸತ್ಯವಂತರು ಪತ್ರಿಕೆಯ ಮೇಲೆ ಫೋನು ಇಟ್ಟರು.

"ಇದರ ಕಣ್ಣ ನೋಡ್ರಿ, ಮಾಸ್ತರ್ರ."

ಮಾಸ್ತರರು ಬಹಳ ಹೊತ್ತು ನೋಡಿದರು. "ನಾ ಸುಳ್ಳ ಹೇಳಿಲ್ಲ, ಸತ್ಯವಂತಪ್ಪ. ಹೋತು ಅಂದಿದ್ದೆ."

ನಮ್ಮ ಕಡೆಯ ಆ ಶಬ್ದವೇ ಅಂಥದು. ಬಸ್ಸು ಹೋತು, ಕರೆಂಟು ಹೋತು, ಹಿರೇಜೀವ ಹೋತು. ಎಲ್ಲಿಗೆ, ಹೇಗೆ ಎಂಬುದನ್ನು ಕೇಳುವವನು ತನಗೆ ಬೇಕಾದಂತೆ ತುಂಬಿಕೊಳ್ಳಬೇಕು. ಬಳಗದವರೆಲ್ಲ ಮೀನು ಈಜಿ ಹೋಯಿತೆಂದು ತುಂಬಿಕೊಂಡಿದ್ದರು. ಸತ್ಯವಂತರೂ ಹಾಗೆಯೇ ಕೇಳಿಸಿಕೊಂಡಿದ್ದರು.

"ಹಂಗಲ್ರೀ. ನಂದು ಏಳನೇತ್ತಕ್ಕ ಸಾಲಿ ಮುಗೀತು, ನಿಮ್ಮಷ್ಟು ಕನ್ನಡ ಬರಂಗಿಲ್ಲ. ನಾ ಕೇಳಿದ್ದು ಬಿಟ್ರೀ ಅಂತ."

ಉತ್ತರ ಒಳಗಿನಿಂದ ಬಂತು. ಚಹದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ ಶೇವಂತೆವ್ವ ಹೇಳಿದರು, "ನನಗೂ ಹಂಗ ಹೇಳ್ಯಾರ ತಮ್ಮಾ. ಮೂವತ್ತ ವರ್ಷ ಹೊಳಿಯಿಂದ ಬಂದ ಕೂಡ್ಲೆ ಬಿಟ್ಟೆ, ಬಿಟ್ಟೆ ಅಂತಿದ್ರು. ಅವತ್ತ ಹೋತು ಅಂದ್ರು. ಅವತ್ತ ನಂಗ ಗೊತ್ತಾತು."

ಮಾಸ್ತರರು ಕೆಂಪು ಪೆನ್ನನ್ನು ಪತ್ರಿಕೆಯ ಮೇಲಿಟ್ಟರು. "ಗೊತ್ತಿದ್ರ ಯಾಕ ಕೇಳಲಿಲ್ಲ?"

"ನೀವ ಹೇಳ್ತೀರಿ ಅಂತ ಕಾದೆ."

ಆಮೇಲೆ ಮಾಸ್ತರರು ಎಲ್ಲವನ್ನೂ ಹೇಳಿದರು. ಗಾಳಕ್ಕೆ ಬಿದ್ದದ್ದು ದೊಡ್ಡದೆಂದು ದಾರ ಎಳೆದ ಎಳೆತದಲ್ಲೇ ಗೊತ್ತಾಗಿತ್ತು. ತಮ್ಮ ದಾರ ತೆಳುವಾಗಿತ್ತು, ಜಗ್ಗಿದರೆ ಹರಿಯುತ್ತಿತ್ತು. ಇಪ್ಪತ್ತು ನಿಮಿಷ ಆಡಿಸಿ, ಆಗದಿದ್ದರೆ ದಾರ ಕತ್ತರಿಸಿ ಬಿಡಬೇಕೆಂದು ಎಳೆಯರಿಗೆ ಉಪದೇಶ ಮಾಡುವವರೇ ಅವರು. ಆದರೆ ಕತ್ತರಿಸಿದ್ದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಒಂದು ತಾಸಿಗೂ ಮೇಲೆ ಆಡಿಸಿದರು. ಕೈಗೆ ಬಂದಾಗ ಮೀನು ದಣಿದು ಹೋಗಿತ್ತು. ಅಳತೆಯ, ಎಡಮಗ್ಗುಲಿನ ಫೋಟೋದ ಶಾಸ್ತ್ರ ಮುಗಿಸಿ, ಹರಿವಿಗೆ ಎದುರಾಗಿ ಅದನ್ನು ನೆಟ್ಟಗೆ ಹಿಡಿದು, ಎದೆಮಟ್ಟದ ನೀರಿನಲ್ಲಿ ಕಾಲು ಮರಗಟ್ಟುವ ತನಕ ನಿಂತರು. ಕಿವಿರು ಎರಡು ಸಲ ತೆರೆಯಿತು. ಮೂರನೆಯ ಸಲ ತೆರೆಯಲಿಲ್ಲ.

ಆರ್ಡರ್ ರದ್ದು ಮಾಡಿಬಿಡು, ಸಭೆಗೆ ಏನಾದರೊಂದು ನೆವ ಹೇಳುತ್ತೇನೆ ಎಂದರು ಮಾಸ್ತರರು. ಸತ್ಯವಂತರಿಗೆ ಅದು ಸುಲಭದ ದಾರಿ. ಅವರ ನೇಮವೂ ಉಳಿಯುತ್ತಿತ್ತು. ಅವರು ಫೋನನ್ನು ಎತ್ತಿಕೊಂಡು ಆ ಕಣ್ಣನ್ನು ಇನ್ನೊಮ್ಮೆ ನೋಡಿದರು. ಪ್ರಶ್ನೆ ತಮ್ಮ ನೇಮದ್ದಲ್ಲ, ಸತ್ತ ಮೀನಿನದು ಎಂದು ಅವರಿಗೆ ಹೊಳೆದದ್ದು ಆಗಲೇ ಇರಬೇಕು.

"ಹಂಗಲ್ರೀ, ಮಾಸ್ತರ್ರ. ಬದುಕಿದ್ದಕ್ಕ ಹೊಳಿ ಐತಿ. ಇದಕ್ಕ ನೀವು ನಾನು ಬಿಟ್ರ ಯಾರದಾರ? ಮೀನ ಮಾಡ್ತೇನಿ. ಕಣ್ಣ ಇದ್ದಂಗ ಕುಂದರಸ್ತೇನಿ."

"ಅದನ್ನ ನೋಡಿದವ್ರಿಗೆ ತಿಳೀತೈತಲ್ಲೋ."

"ತಿಳೀತೈತಿ. ಹೇಳೂದು ನಿಮಗ ಬಿಟ್ಟದ್ದು."

ಶೆಡ್ಡಿಗೆ ಮರಳಿದವರೇ ಅವರು ಮಾಡಿದ ಮೊದಲ ಕೆಲಸ ಕಂಡು ಪಂಢರಿನಾಥರು ತಲೆ ಚಚ್ಚಿಕೊಂಡರು. ಅರ್ಧ ಬಣ್ಣವಾದ ಮೀನನ್ನು ಬೆಸುಗೆಯ ಗುಂಟ ಗರಗಸದಿಂದ ಸೀಳಿ ಮತ್ತೆ ಎರಡು ಹೋಳು ಮಾಡಿದ್ದರು. ಒಳಗೆ ಬರೆದ "ಬಿಟ್ಟದ್ದು" ಎಂಬ ಶಬ್ದವನ್ನು ಮರಳುಕಾಗದ ಹಾಕಿ ಉಜ್ಜುತ್ತಿದ್ದರು. ಒಳಗಿಂದು ಯಾರು ನೋಡುತ್ತಾರೋ ಮಾರಾಯಾ ಎಂದು ಪಂಢರಿನಾಥರು ಕೇಳಿದರೂ ಉಜ್ಜುತ್ತಲೇ ಇದ್ದರು. ವಾರದ ಕೆಲಸ ಮಣ್ಣುಪಾಲಾಯಿತು. ಅಕ್ಷರ ಪೂರ್ತಿ ಹೋದ ಮೇಲೆ ಮಾಸ್ತರರಿಗೆ ಫೋನು ಮಾಡಿ, ಖಾಲಿ ಜಾಗ ಐತಿ, ಬಂದು ಬರೆಯಿರಿ ಎಂದರು. ಮಾಸ್ತರರು ಶೇವಂತೆವ್ವನೊಡನೆ ಬಂದರು. ಕೆಂಪು ಬಣ್ಣದಲ್ಲಿ ಬ್ರಷ್ಷು ಅದ್ದಿ, ಮೂರು ಸಲ ಕೈ ಹಿಂದೆ ತೆಗೆದು, ನಾಲ್ಕನೆಯ ಸಲ "ನನ್ನ ಕೈಯಲ್ಲಿ ಸತ್ತಿತು" ಎಂದು ಬರೆದರು. ಮುತ್ತಿನಂಥ ಅಕ್ಷರವೆಂದು ಹೇಳುವಂತಿರಲಿಲ್ಲ. ಮಾಸ್ತರರು ಕೆಳಗೆ ತಾರೀಖು ಹಾಕುವ ತನಕ ಸತ್ಯವಂತರು ಆಚೆ ಮುಖ ಮಾಡಿ ನಿಂತಿದ್ದರು.

ಕಣ್ಣು ಕೂರಿಸಲು ಮೂರು ದಿನ ಹಿಡಿಯಿತು. ನೆಟ್ಟಗೆ ಕೂರಿಸುವುದು ಓರೆಗಿಂತ ಸುಲಭವೆಂದು ಯಾರಿಗಾದರೂ ಅನಿಸೀತು. ಆದರೆ ಹನ್ನೊಂದು ವರ್ಷ ಓರೆಗೆ ಒಗ್ಗಿದ ಬೆರಳು, ಎಷ್ಟು ಎಚ್ಚರ ವಹಿಸಿದರೂ, ಕೊನೆಯ ಗಳಿಗೆಯಲ್ಲಿ ಗಾಜನ್ನು ತುಸು ಹೊಟ್ಟೆಯ ಕಡೆಗೆ ತಿರುಗಿಸಿಬಿಡುತ್ತಿತ್ತು. ಮೀನು ಬದುಕಿಬಿಡುತ್ತಿತ್ತು. ಸತ್ಯವಂತರು ಅದನ್ನು ಕಿತ್ತು ಮತ್ತೆ ಕೂರಿಸುತ್ತಿದ್ದರು. ಇಷ್ಟು ಬೇಸರದ ಕೆಲಸ ಜನ್ಮದಲ್ಲಿ ಮಾಡಿಲ್ಲವೆಂದು ಮರ್ಸಿಯ ಮುಂದೆ ಹೇಳಿಕೊಂಡರಂತೆ; ಮರ್ಸಿ ಅವತ್ತು ಕಾಡಿಸಲಿಲ್ಲ.

ಸಭೆ ವಿದ್ಯಾನಗರದಲ್ಲಿರುವ ಬಳಗದ ಸಭಾಂಗಣದಲ್ಲಿ ನಡೆಯಿತು. ಸತ್ಯವಂತರು ಕೊನೆಯ ಸಾಲಿನಲ್ಲಿ, ಎರಡು ಕುರ್ಚಿಯ ಜಾಗ ಹಿಡಿದು ಕೂತಿದ್ದರು. ಬಟ್ಟೆ ಸರಿಸಿದೊಡನೆ ಚಪ್ಪಾಳೆ ಬಿತ್ತು. ಮೀನು ಅಷ್ಟು ಚೆಂದ ಬಂದಿತ್ತು, ಬಲಮಗ್ಗುಲನ್ನೇ ಸಭೆಗೆ ಕಾಣುವಂತೆ ಕೂರಿಸಿದ್ದರು. ಚಪ್ಪಾಳೆ ಮುಂದಿನ ಸಾಲಿನಿಂದ ಮೊದಲು ನಿಂತಿತು. ಅಲ್ಲಿ ಹಳಬರು ಕೂತಿದ್ದರು, ಅವರಿಗೆ ಕಣ್ಣು ಓದಲು ಬರುತ್ತಿತ್ತು. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಸಭೆ ಪೂರ್ತಿ ಮೌನವಾಗುವ ತನಕ ಮಾಸ್ತರರು ಕಾದರು, ತರಗತಿಯಲ್ಲಿ ಕಾದ ಹಾಗೆ. ಸನ್ಮಾನದ ಶಾಲನ್ನು ಕೈಯಿಂದ ತಡೆದು ಎದ್ದು ನಿಂತರು.

"ಹೋತು ಅಂತ ನಿಮಗೆಲ್ಲ ಹೇಳಿದ್ದೆ. ಸತ್ತಿತು ಅಂತ ತಿದ್ದಿಕೊಳ್ರಿ. ನಾ ಕೊಂದೆ ಅಂತ ಬರಕೊಂಡ್ರೂ ವ್ಯಾಕರಣ ತಪ್ಪಾಗೂದಿಲ್ಲ."

ತೆಳು ದಾರದ ಕತೆ, ತಾಸಿನ ಕತೆ, ಎದೆಮಟ್ಟದ ನೀರಿನ ಕತೆ ಎಲ್ಲವನ್ನೂ ಹೇಳಿದರು. ಬೈಯುವವರು ಒಬ್ಬಿಬ್ಬರು ಇದ್ದರು, ಬೈದರು. ಆದರೆ ಹೊರಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಾಗ ನಡೆದದ್ದೇ ಬೇರೆ. ಒಬ್ಬ ಹಳಬ ಬಂದು, ತನ್ನ ಕೈಯಲ್ಲೂ ಎರಡು ಹೋಗಿದ್ದವು, ಅಲ್ಲ, ಸತ್ತಿದ್ದವು ಎಂದ. ಇನ್ನೊಬ್ಬ ಬಂದ. ಮೂವತ್ತು ವರ್ಷದ ಬಳಗದಲ್ಲಿ ಎಲ್ಲರ ಬಾಯಲ್ಲೂ ಇದ್ದು ಯಾರೂ ಆಡದ ಶಬ್ದ ಅವತ್ತು ತಟ್ಟೆಯಿಂದ ತಟ್ಟೆಗೆ ದಾಟಿತು. ಮೀನನ್ನು ಗೋಡೆಯ ಸಾಲಿಗೆ ಏರಿಸಲಿಲ್ಲ; ನಿಯಮ ನಿಯಮವೇ. ಬಾಗಿಲ ಪಕ್ಕದಲ್ಲಿ ಹಾಕಿದ್ದಾರೆ. ಹೊಸದಾಗಿ ಸೇರುವವರನ್ನು ಮಾಸ್ತರರು ಈಗ ಮೊದಲು ಅದರ ಮುಂದೆ ನಿಲ್ಲಿಸಿ ದಾರದ ದಪ್ಪ ಹೇಗೆ ಆರಿಸಬೇಕೆಂದು ಕಲಿಸುತ್ತಾರೆ. ಎರಡು ತಿಂಗಳು ಮುಟ್ಟದಿದ್ದ ಗಾಳದ ಕೋಲನ್ನು ಶೇವಂತೆವ್ವನೇ ಅಟ್ಟದಿಂದ ಇಳಿಸಿ ಕೊಟ್ಟರಂತೆ. ಸತ್ಯವಂತರಿಗೆ ಅವತ್ತಿನ ಸಭೆಯ ಬಗ್ಗೆ ಇರುವುದು ಒಂದೇ ದೂರು: ಉಪ್ಪಿಟ್ಟು ತಿಂದ ಕೈಯಲ್ಲಿ ಯಾರೋ ಬಾಲದ ರೆಕ್ಕೆ ಮುಟ್ಟಿದ್ದರು.

ನಕಲು ಮಾಡುವವರನ್ನು ನಾವು ಒಂದು ಮೆಟ್ಟಿಲು ಕೆಳಗೇ ಇಡುತ್ತೇವೆ. ಹೊಸದನ್ನು ಹುಟ್ಟಿಸಲಾರದವನು ಇದ್ದದ್ದರ ಹಾಗೆ ಇನ್ನೊಂದು ಮಾಡುತ್ತಾನೆ, ಅದೇನು ಮಹಾ ಎನ್ನುತ್ತೇವೆ. ಆದರೆ ಇದ್ದದ್ದು ಹೇಗಿತ್ತೆಂದು ಹಗಲೆಲ್ಲ ದಿಟ್ಟಿಸುವ ಕೆಲಸ ಊರಿನಲ್ಲಿ ಯಾರಾದರೊಬ್ಬರಿಗೆ ಇರಲೇಬೇಕು. ಉಳಿದ ನಾವೆಲ್ಲ ನೆನಪನ್ನು ನಮಗೆ ಒಪ್ಪುವ ಹಾಗೆ ತುಸು ಹೊರಳಿಸಿಕೊಂಡು ಬದುಕುತ್ತೇವೆ, ಅದರಿಂದ ಯಾರಿಗೂ ನಷ್ಟವಿಲ್ಲವೆಂದೂ ನಂಬುತ್ತೇವೆ. ಇಂಥವರು ನಮಗೆ ಬುದ್ಧಿ ಹೇಳುವುದಿಲ್ಲ, ಅದಕ್ಕೆ ಬೇಕಾದ ಮಾತೂ ಅವರಿಗೆ ಬಾರದು. ತಮ್ಮ ಕ್ಷಮೆಯನ್ನೂ ಅವರು ಕೆಲಸದ ರೂಪದಲ್ಲೇ ಕೊಡುತ್ತಾರೆ. ಎರಡನೆಯ ಸಲ ಸೀಳಿ, ಎರಡನೆಯ ಸಲ ಬೆಸೆದು, ನಮ್ಮ ತಪ್ಪು ಎಷ್ಟಿತ್ತೋ ಅಷ್ಟೇ ಅಳತೆಯಲ್ಲಿ, ಕೂದಲೆಳೆ ಹೆಚ್ಚಿಲ್ಲದೆ, ಕೂದಲೆಳೆ ಕಡಿಮೆಯಿಲ್ಲದೆ ನಮ್ಮ ಕೈಗಿಟ್ಟು ಹೋಗುತ್ತಾರೆ. ಆ ಅಳತೆ ನಾವು ಹೆದರಿದ್ದಕ್ಕಿಂತ ಯಾವಾಗಲೂ ಚಿಕ್ಕದಾಗಿರುತ್ತದೆ, ಎರಡು ಕೈಯಲ್ಲಿ ಹಿಡಿಯುವಷ್ಟು.